ರಸ್ತೆಯಂಚಿನಲ್ಲಿ ನಿಂತವರು ದಾಟುತ್ತಾರೋ ಇಲ್ಲವೋ ಎಂಬುದು ಚಾಲಕರಹಿತ ಕಾರಿಗೆ ಹೇಗೆ ತಿಳಿಯುತ್ತದೆ?

ಮಠದಬೀದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಾಲಕನಿಲ್ಲದೆ ಓಡುವ ಕಾರುಗಳ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲಿ ಕ್ಯಾಮೆರಾ, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ), ರಾಡಾರ್‌ಗಳ ವಿವರಣೆ ಸಾಕಷ್ಟು ಸಿಗುತ್ತದೆ. ಎದುರಿಗೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಯಂತ್ರ ಕಂಡುಕೊಳ್ಳುವ ಬಗೆ ನನಗೆ ಸುಮಾರಾಗಿ ಅರ್ಥವಾಗಿದೆ. ಆದರೆ ಆ ಮನುಷ್ಯ ಇನ್ನೆರಡು ಕ್ಷಣಗಳಲ್ಲಿ ಏನು ಮಾಡಲಿದ್ದಾನೆ ಎಂಬುದನ್ನು ಅದು ಯಾವ ಆಧಾರದ ಮೇಲೆ ಊಹಿಸುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಿದಂತೆ ಕಾಣಲಿಲ್ಲ.

ಉಡುಪಿಯ ಕಲ್ಸಂಕ ವೃತ್ತದ ಹತ್ತಿರ ರಸ್ತೆಯಂಚಿನಲ್ಲಿ ನಾಲ್ಕೈದು ಜನ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರು ಮಣಿಪಾಲದ ಬಸ್ಸಿಗೆ ಕಾಯುತ್ತಿರುತ್ತಾರೆ, ಇನ್ನೊಬ್ಬರು ಆಟೋಗೆ ಕೈ ತೋರಿಸಲು ಒಂದು ಹೆಜ್ಜೆ ಕೆಳಗಿಳಿದಿರುತ್ತಾರೆ, ಮತ್ತೊಬ್ಬರು ಮಠದ ಕಡೆಗೆ ಹೋಗಲು ರಸ್ತೆ ದಾಟಬೇಕೆಂದಿರುತ್ತಾರೆ, ಉಳಿದವರು ಸುಮ್ಮನೆ ಮಾತನಾಡುತ್ತ ನಿಂತಿರುತ್ತಾರೆ. ಈ ರಸ್ತೆಯಲ್ಲಿ ದಿನಾ ವಾಹನ ಓಡಿಸುವವರು ಇವರಲ್ಲಿ ದಾಟುವವರು ಯಾರು ಎಂಬುದನ್ನು ಕುತ್ತಿಗೆ ತಿರುಗಿದ್ದರಿಂದ, ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡದ್ದರಿಂದ, ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದದ್ದರಿಂದ ಗುರುತಿಸಿಬಿಡುತ್ತಾರೆ. ಇದನ್ನೆಲ್ಲ ಯಂತ್ರ ಗಮನಿಸುತ್ತದೆಯೇ? ದಾಟುವವರು ಚಾಲಕರ ಮುಖ ನೋಡಿ ಹೆಜ್ಜೆಯಿಡುವ ನಮ್ಮ ರೂಢಿಗೆ, ಮುಖವೇ ಇಲ್ಲದ ಕಾರಿನ ಎದುರು ಏನಾಗುತ್ತದೆ? ಕೊನೆಯದಾಗಿ, ನಮ್ಮ ಖಾಸಗಿ ಬಸ್ಸುಗಳು ಬಲಕ್ಕೆ ಬರುವಾಗ ಇಂಡಿಕೇಟರ್‌ಗಿಂತ ಹೆಚ್ಚಾಗಿ ಕಂಡಕ್ಟರನ ಕೈಯೇ ಕೆಲಸ ಮಾಡುತ್ತದೆ. ಆ ಕೈಯನ್ನು ಯಂತ್ರ ಹೇಗೆ ಓದೀತು?

ತಿಳಿದವರು ಕೊಂಚ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಸುರತ್ಕಲ್‌ತೀರ

ಮಠದಬೀದಿಯವರೇ, ನಾನು ಬೆಂಗಳೂರಿನಲ್ಲಿ ಇದಕ್ಕೆ ಹತ್ತಿರದ ಕೆಲಸದಲ್ಲಿದ್ದೇನೆ. ಕಂಡಕ್ಟರನ ಕೈಯ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು ಪಾದಚಾರಿಗಳಿಂದ ಆರಂಭಿಸುತ್ತೇನೆ.

ಇಂತಹ ಕಾರಿನ ತಂತ್ರಾಂಶ ಮೊದಲು ಸುತ್ತಲಿನದನ್ನು ಗುರುತಿಸುತ್ತದೆ, ಗುರುತಿಸಿದ್ದನ್ನು ಕ್ಷಣಕ್ಷಣಕ್ಕೂ ಹಿಂಬಾಲಿಸುತ್ತದೆ, ಪ್ರತಿಯೊಂದೂ ಮುಂದೆ ಎಲ್ಲಿರಬಹುದು ಎಂದು ಅಂದಾಜು ಮಾಡುತ್ತದೆ, ಆಮೇಲೆ ತನ್ನ ದಾರಿಯನ್ನೂ ವೇಗವನ್ನೂ ನಿರ್ಧರಿಸುತ್ತದೆ. ನಿಮ್ಮ ಪ್ರಶ್ನೆ ಅಂದಾಜಿನ ಹಂತಕ್ಕೆ ಸೇರಿದ್ದು. ಅಲ್ಲಿಂದ ಹೊರಬರುವುದು 'ದಾಟುತ್ತಾರೆ' ಅಥವಾ 'ದಾಟುವುದಿಲ್ಲ' ಎಂಬ ಒಂದು ತೀರ್ಪು ಎಂದು ಹೆಚ್ಚಿನವರು ಭಾವಿಸಿರುತ್ತಾರೆ. ವಾಸ್ತವದಲ್ಲಿ ಅದು ಹಲವು ಸಾಧ್ಯತೆಗಳನ್ನು ಒಟ್ಟಿಗೇ ಕೈಯಲ್ಲಿಟ್ಟುಕೊಳ್ಳುತ್ತದೆ: ಇವರು ಇಲ್ಲೇ ನಿಲ್ಲಬಹುದು, ಅಂಚಿನುದ್ದಕ್ಕೂ ನಡೆಯಬಹುದು, ನೇರವಾಗಿ ದಾಟಬಹುದು, ಅರ್ಧ ದಾಟಿ ಹಿಂದಕ್ಕೆ ಬರಬಹುದು. ಒಂದೊಂದಕ್ಕೂ ಒಂದೊಂದು ಸಂಭವನೀಯತೆಯ ಅಂಕಿ ಇರುತ್ತದೆ, ಮತ್ತು ಆ ಅಂಕಿಗಳು ಸೆಕೆಂಡಿಗೆ ಹಲವು ಬಾರಿ ಬದಲಾಗುತ್ತಿರುತ್ತವೆ. ಚಾಲಕರಹಿತ ಕಾರುಗಳನ್ನು ಓಡಿಸುವ ವೇಮೋ ಕಂಪನಿಯು 2021ರಲ್ಲಿ ಸಂಶೋಧಕರಿಗೆ ತೆರೆದಿಟ್ಟ ಚಲನೆಯ ದತ್ತಾಂಶದಲ್ಲಿ ಸವಾಲನ್ನು ಹೀಗೆಯೇ ಒಡ್ಡಲಾಗಿದೆ. ಹಿಂದಿನ 1 ಸೆಕೆಂಡಿನ ಚಲನೆಯನ್ನು ನೋಡಿ ಮುಂದಿನ 8 ಸೆಕೆಂಡುಗಳನ್ನು ಊಹಿಸಬೇಕು. ಒಬ್ಬೊಬ್ಬರಿಗೆ ಅವರು ಸಾಗಬಹುದಾದ ಗರಿಷ್ಠ 6 ದಾರಿಗಳನ್ನು ಕೊಡಬಹುದು. ಸಾಮಾನ್ಯ ನಡಿಗೆಯ ಮನುಷ್ಯ 8 ಸೆಕೆಂಡುಗಳಲ್ಲಿ ಹನ್ನೊಂದು ಮೀಟರ್‌ಗಳಷ್ಟು ಹೋಗಬಲ್ಲನಾದ್ದರಿಂದ ಇದು ಸಣ್ಣ ಊಹೆಯೇನಲ್ಲ.

ಊಹೆಗೆ ಬೇಕಾದ ಸುಳಿವುಗಳಲ್ಲಿ ಮೊದಲನೆಯದು ಚಲನೆಯೇ: ಎಷ್ಟು ವೇಗ, ಯಾವ ದಿಕ್ಕು, ನಡಿಗೆ ಚುರುಕಾಗುತ್ತಿದೆಯೇ ನಿಧಾನವಾಗುತ್ತಿದೆಯೇ. ಆಮೇಲೆ ದೇಹದ ಭಂಗಿ ಬರುತ್ತದೆ. ತಲೆ, ಭುಜ, ಸೊಂಟ, ಮಂಡಿ, ಹಿಮ್ಮಡಿಗಳ ಸ್ಥಾನವನ್ನು ಕ್ಯಾಮೆರಾ ಚಿತ್ರದಿಂದ ಲೆಕ್ಕಹಾಕಿ, ತಲೆ ಕಾರಿನ ಕಡೆಗೆ ತಿರುಗಿದೆಯೇ, ಮೈಭಾರ ಮುಂದಿನ ಕಾಲಿಗೆ ಬಂದಿದೆಯೇ ಎಂಬುದನ್ನು ತಿಳಿಯಬಹುದು. ಮೂರನೆಯದು ಸ್ಥಳ: ಜೀಬ್ರಾ ಪಟ್ಟೆ, ಬಸ್ ನಿಲ್ದಾಣ, ಶಾಲೆಯ ಗೇಟು ಎಷ್ಟು ಹತ್ತಿರವಿವೆ ಎಂಬ ಮಾಹಿತಿ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ಮೊದಲು 346 ವಿಡಿಯೊ ತುಣುಕುಗಳ ಒಂದು ಸಂಗ್ರಹವನ್ನೂ 2019ರಲ್ಲಿ ಆರು ಗಂಟೆಗೂ ಹೆಚ್ಚು ಅವಧಿಯ ಇನ್ನೊಂದು ಸಂಗ್ರಹವನ್ನೂ ಈ ಒಂದೇ ಪ್ರಶ್ನೆಗಾಗಿ ಹೊರತಂದರು. ಎರಡನೆಯದರಲ್ಲಿ ಒಂದು ಒಳ್ಳೆಯ ಉಪಾಯವಿದೆ. ಪಾದಚಾರಿ ಕೊನೆಗೆ ದಾಟಿದರೇ ಎಂಬುದನ್ನಷ್ಟೇ ದಾಖಲಿಸದೆ, ವಿಡಿಯೊವನ್ನು ಸಾಮಾನ್ಯ ಜನರಿಗೆ ತೋರಿಸಿ 'ಇವರಿಗೆ ದಾಟುವ ಮನಸ್ಸಿದೆಯೇ' ಎಂದು ಕೇಳಿ ಆ ಉತ್ತರಗಳನ್ನೂ ದಾಖಲಿಸಿದರು. ದಾಟುವ ಮನಸ್ಸಿದ್ದೂ ವಾಹನಗಳ ಸಾಲಿನಿಂದಾಗಿ ನಿಂತೇ ಉಳಿದವರು ಹೀಗೆ ಪ್ರತ್ಯೇಕವಾಗಿ ಲೆಕ್ಕಕ್ಕೆ ಸಿಕ್ಕರು. ಸೀರೆಯ ನೆರಿಗೆಯನ್ನು ಎತ್ತಿ ಹಿಡಿಯುವ ಸುಳಿವು ಟೊರಾಂಟೊದ ವಿಡಿಯೊಗಳಿಂದ ಯಂತ್ರಕ್ಕೆ ಸಿಗುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂತಹ ಸುಳಿವನ್ನು ಕಲಿಯಲು ಅದಕ್ಕೆ ಸಾಮರ್ಥ್ಯವಿದೆ, ಕಲಿಯಲು ಬೇಕಾದ ದೃಶ್ಯಗಳು ನಮ್ಮ ರಸ್ತೆಗಳಿಂದಲೇ ಬರಬೇಕು.

ಇನ್ನು ನನ್ನ ದೃಷ್ಟಿಯಲ್ಲಿ ಮುಖ್ಯವಾದ ಮಾತು. ಉದ್ದೇಶವನ್ನು ಖಚಿತವಾಗಿ ತಿಳಿಯುವುದಕ್ಕಿಂತ, ತಿಳಿಯದಿದ್ದಾಗ ಆಗುವ ಹಾನಿಯನ್ನು ಕಡಿಮೆ ಮಾಡಿಕೊಳ್ಳುವುದೇ ಇಂತಹ ಕಾರಿನ ನಿಜವಾದ ಕೌಶಲ. ಲೆಕ್ಕವನ್ನು ನೋಡಿ. ಗಂಟೆಗೆ 40 ಕಿ.ಮೀ. ವೇಗದ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನಿರ್ಧಾರಕ್ಕೆ ಅರ್ಧ ಸೆಕೆಂಡು ಹಿಡಿದು ಬಲವಾಗಿ ಬ್ರೇಕ್ ಹಾಕಿದರೆ ಒಣ ರಸ್ತೆಯಲ್ಲಿ ಅದು ನಿಲ್ಲಲು ಸುಮಾರು 16 ಮೀಟರ್ ಬೇಕು, ಜುಲೈ ತಿಂಗಳ ಒದ್ದೆ ರಸ್ತೆಯಲ್ಲಿ 20 ಮೀಟರ್ ದಾಟುತ್ತದೆ. ಅದೇ ಕಾರು ಅನುಮಾನ ಬಂದ ಕೂಡಲೇ ವೇಗವನ್ನು 25ಕ್ಕೆ ಇಳಿಸಿಕೊಂಡಿದ್ದರೆ ಒದ್ದೆ ರಸ್ತೆಯಲ್ಲೂ 10 ಮೀಟರ್‌ನೊಳಗೆ ನಿಲ್ಲುತ್ತದೆ. ಆದ್ದರಿಂದ ದಾಟುವ ಸಂಭವ ನೂರಕ್ಕೆ ಇಪ್ಪತ್ತರಷ್ಟಿದ್ದರೂ ಕಾರು ಆಕ್ಸಿಲರೇಟರ್ ಸಡಿಲಿಸಿ, ಸಾಧ್ಯವಿದ್ದರೆ ತುಸು ಪಕ್ಕಕ್ಕೆ ಸರಿದು, ಮುಂದಿನ ಅರ್ಧ ಸೆಕೆಂಡಿನ ಸುಳಿವಿಗೆ ಕಾಯುತ್ತದೆ.

ಈ ಹಂತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ಉಬರ್ ಕಂಪನಿಯ ಪರೀಕ್ಷಾ ಕಾರು ಒಬ್ಬ ಮಹಿಳೆಗೆ ಡಿಕ್ಕಿ ಹೊಡೆದ ಪ್ರಕರಣವೇ ಸಾಕ್ಷಿ. ಆಕೆ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಡಿಕ್ಕಿಗೆ 5.6 ಸೆಕೆಂಡು ಮುಂಚೆಯೇ ಕಾರು ಆಕೆಯನ್ನು ಗುರುತಿಸಿತ್ತು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್ ಎಂದು ವರ್ಗ ಬದಲಾಯಿಸುತ್ತ ಹೋಯಿತು, ಮತ್ತು ಪ್ರತಿ ಬದಲಾವಣೆಯೊಂದಿಗೆ ಅದುವರೆಗಿನ ಚಲನೆಯ ದಾಖಲೆಯನ್ನು ಕೈಬಿಟ್ಟಿತು. ಸೈಕಲ್ ಎಂದಾಗ ಅದು ತನ್ನ ಪಥದಲ್ಲೇ ಮುಂದೆ ಸಾಗುತ್ತದೆ ಎಂದುಕೊಂಡಿತು, 'ಬೇರೆ ವಸ್ತು' ಎಂದಾಗ ಚಲಿಸುವುದಿಲ್ಲ ಎಂದುಕೊಂಡಿತು. ಜೀಬ್ರಾ ಪಟ್ಟೆಯಿಲ್ಲದ ಕಡೆ ಮನುಷ್ಯ ದಾಟಬಹುದು ಎಂಬ ಸಾಧ್ಯತೆ ಆ ವ್ಯವಸ್ಥೆಯ ವಿನ್ಯಾಸದಲ್ಲೇ ಇರಲಿಲ್ಲ. ಆಸನದಲ್ಲಿದ್ದ ಮೇಲ್ವಿಚಾರಕಿಯ ಗಮನ ರಸ್ತೆಯ ಮೇಲಿರಲಿಲ್ಲ ಎಂಬುದೂ ನಿಜ. ಅದೇನೇ ಇದ್ದರೂ ಕಾರಿನ ಕಣ್ಣು ಚೆನ್ನಾಗಿಯೇ ಇತ್ತು, ಊಹೆ ಕೆಟ್ಟಿತ್ತು.

ಕ್ಲಚ್‌ಬ್ರೇಕ್

ಪ್ರಶ್ನೆ ಕೇಳಿದ ಅಕ್ಕನವರಿಗೆ ನಮಸ್ಕಾರ. ನಾನು ಮಂಗಳೂರು–ಉಡುಪಿ ನಡುವೆ ಬಹಳ ವರ್ಷ ಸರ್ವಿಸ್ ಬಸ್ ಓಡಿಸಿ, ಈಗ ಮಂಗಳೂರಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದೇನೆ. ಕಂಪ್ಯೂಟರಿನ ವಿಷಯ ನನ್ನ ಕ್ಷೇತ್ರವಲ್ಲ. ಚಾಲಕರು ಇನ್ನೊಬ್ಬ ಚಾಲಕನ ಉದ್ದೇಶವನ್ನು ಹೇಗೆ ತಿಳಿಯುತ್ತಾರೆ ಎಂಬುದರ ಬಗ್ಗೆ ಮಾತ್ರ ಹೇಳಬಲ್ಲೆ.

ನನ್ನಲ್ಲಿ ಕಲಿಯಲು ಬರುವವರಿಗೆ ಇಂಡಿಕೇಟರ್ ನೋಡಿ, ಆದರೆ ನಂಬುವುದು ಮುಂದಿನ ಚಕ್ರವನ್ನು ಎಂದು ಮೊದಲ ವಾರದಲ್ಲೇ ಹೇಳುತ್ತೇನೆ. ಬದಿಯಲ್ಲಿ ನಿಂತ ಕಾರು ಹೊರಡುವ ಮುನ್ನ ಅದರ ಮುಂದಿನ ಚಕ್ರ ಬಲಕ್ಕೆ ಹೊರಳುತ್ತದೆ. ಆಟೋದಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಅದಕ್ಕೆ ಮುಂದೆ ಇರುವುದು ಒಂದೇ ಚಕ್ರ. ಕಂಕನಾಡಿಯಲ್ಲಿ ಬಾಡಿಗೆ ಇಳಿಸಿದ ಆಟೋ ಅಲ್ಲಿಂದಲೇ ತಿರುಗಿಸಿಕೊಂಡು ಹೋಗುವುದಾದರೆ, ಚಾಲಕ ಮೊದಲು ಹ್ಯಾಂಡಲ್ ಪೂರ್ತಿ ತಿರುಗಿಸಿ, ಬಲಬದಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡುತ್ತಾನೆ. ಆ ತಲೆ ಕಂಡ ಮೇಲೆ ಇಂಡಿಕೇಟರ್‌ಗೆ ಕಾಯುವವನು ಬ್ರೇಕ್ ಹಾಕುವಾಗ ತಡವಾಗಿರುತ್ತದೆ.

ಎದುರಿನಿಂದ ಬರುವವರು ಹೆಡ್‌ಲೈಟ್ ಮಿಣುಕಿಸಿದರೆ ನಮ್ಮಲ್ಲಿ ಅದು ಸಾಮಾನ್ಯವಾಗಿ 'ನಾನು ಬರುತ್ತಿದ್ದೇನೆ, ನೀವು ನಿಲ್ಲಿ' ಎಂದಿರುತ್ತದೆ. ಬೇರೆ ಕೆಲವು ದೇಶಗಳಲ್ಲಿ ಅದೇ ಬೆಳಕು 'ನೀವು ಮೊದಲು ಹೋಗಿ' ಎಂಬ ಸೌಜನ್ಯವಂತೆ. ಅಲ್ಲಿ ಕಲಿತ ಯಂತ್ರ ಇಲ್ಲಿಗೆ ಬಂದರೆ ಗತಿಯೇನು? ಹೆದ್ದಾರಿಯಲ್ಲಿ ಲಾರಿಯ ಇಂಡಿಕೇಟರ್ ಮಿನುಗಿದರೆ ಅದು ತಿರುಗುವ ಸೂಚನೆಯೂ ಆಗಿರಬಹುದು, ಹಿಂದಿನವರಿಗೆ ಓವರ್‌ಟೇಕ್ ಮಾಡಲು ಕೊಟ್ಟ ಅನುಮತಿಯೂ ಆಗಿರಬಹುದು. ಮುಂದೆ ಬಲಕ್ಕೆ ರಸ್ತೆ ಇದೆಯೋ ಇಲ್ಲವೋ ಎಂದು ನೋಡಿಯೇ ನಾವು ಅರ್ಥ ಮಾಡಿಕೊಳ್ಳುತ್ತೇವೆ.

ಇನ್ನು ಬಸ್ಸು. ನಮ್ಮ ಖಾಸಗಿ ಬಸ್ಸುಗಳಿಗೆ ಟೈಮಿಂಗ್ ಇದೆ. ಹಿಂದಿನ ಬಸ್ಸು ತಡವಾಗಿ ಹೊರಟಿದ್ದರೆ, ಮುಂದಿನದನ್ನು ದಾಟಿ ಮುಂದಿನ ನಿಲ್ದಾಣದ ಜನರನ್ನು ಹತ್ತಿಸಿಕೊಳ್ಳಲು ನೋಡುತ್ತದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆಯಿಂದ ಬರುವಾಗ ಒಂದೇ ಬೋರ್ಡಿನ ಎರಡು ಬಸ್ಸುಗಳು ಹಿಂದೆ ಮುಂದೆ ಕಂಡರೆ ಹಿಂದಿನದು ಖಂಡಿತ ಬಲಕ್ಕೆ ಬರುತ್ತದೆ ಎಂದು ನಾವು ಮೊದಲೇ ಜಾಗ ಬಿಟ್ಟಿರುತ್ತೇವೆ. ಇದು ಚಕ್ರ, ದೀಪ ಯಾವುದರಲ್ಲೂ ಕಾಣದ ಸಂಗತಿ. ನಿಲ್ಲಿಸಿದ ಬಸ್ಸಿನ ಮುಂಭಾಗದಿಂದ ಇಳಿದವರು ದಾಟಿಯೇ ದಾಟುತ್ತಾರೆ ಎಂಬುದೂ ಹಾಗೆಯೇ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಗಾಳಿಗೆ ಎದುರಾಗಿ ಕೊಡೆಯನ್ನು ಬಗ್ಗಿಸಿ ಹಿಡಿದಿರುತ್ತಾರಾದ್ದರಿಂದ ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರ ಮುಖ ಕಾಣುವುದಿಲ್ಲ. ಸುರತ್ಕಲ್‌ತೀರದವರು ಹೇಳಿದ ತಲೆ, ಭುಜಗಳ ಲೆಕ್ಕ ಕೊಡೆಯ ಕೆಳಗೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಕುತೂಹಲ ನನಗಿದೆ. ಹಾಗೆಯೇ, ದಾಟುವವರ ಕಣ್ಣಿಗೆ ಕಣ್ಣು ಸೇರಿಸದೆ ಸುರಕ್ಷಿತವಾಗಿ ಓಡಿಸಬಹುದು ಎಂಬುದನ್ನು ನಾನು ಸುಲಭವಾಗಿ ಒಪ್ಪಲಾರೆ.

ಮಣಿಪಾಲ್_ಎಂಡ್‌ಪಾಯಿಂಟ್

ಕ್ಲಚ್‌ಬ್ರೇಕ್ ಅವರ ಬರಹ ಬಹಳ ಉಪಯುಕ್ತವಾಗಿದೆ. ಆದರೆ ಕಣ್ಣಿಗೆ ಕಣ್ಣು ಸೇರಿಸುವ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ; ಮನುಷ್ಯರ ವರ್ತನೆಯ ಅಧ್ಯಯನ ನನ್ನ ವಿಷಯವಾದ್ದರಿಂದ ಇಷ್ಟು ಹೇಳಲು ಅವಕಾಶ ಕೊಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಚಾಲಕನಿಗೆ ಕಾರಿನ ಆಸನದಂತೆಯೇ ಕಾಣುವ ಮುಸುಕನ್ನು ತೊಡಿಸಿ, ಹೊರಗಿನವರಿಗೆ ಕಾರು ಖಾಲಿಯಿದೆ ಎನ್ನಿಸುವಂತೆ ಮಾಡಿ, ಜನ ಹೇಗೆ ದಾಟುತ್ತಾರೆ ಎಂದು ನೋಡಿದರು. ಕೆಲವರು ಬೆರಗಾಗಿ ನೋಡಿದರು, ಆದರೆ ಹೆಚ್ಚಿನವರು ಎಂದಿನಂತೆಯೇ ದಾಟಿದರು. ಈ ಕ್ಷೇತ್ರದ ಇತರ ಅಧ್ಯಯನಗಳೂ ಸೂಚಿಸುವಂತೆ, ದಾಟುವವರು ಮುಖ್ಯವಾಗಿ ಓದುವುದು ವಾಹನದ ಚಲನೆಯನ್ನು: ಅದು ಎಷ್ಟು ದೂರದಲ್ಲಿದೆ, ನಿಧಾನವಾಗುತ್ತಿದೆಯೇ, ಮೂತಿ ತುಸು ಕೆಳಕ್ಕೆ ಬಾಗಿ ಬ್ರೇಕ್ ಹಿಡಿದದ್ದು ತಿಳಿಯುತ್ತಿದೆಯೇ. ರಾತ್ರಿ ಹೆಡ್‌ಲೈಟಿನ ಹಿಂದೆಯಾಗಲಿ ಹಗಲು ಬಿಸಿಲು ಹೊಳೆಯುವ ಗಾಜಿನ ಹಿಂದೆಯಾಗಲಿ ಚಾಲಕನ ಕಣ್ಣು ಹೇಗೂ ಕಾಣುವುದಿಲ್ಲ. ಕಣ್ಣಿನ ಸಂಪರ್ಕ ನಿರ್ಣಾಯಕವಾಗುವುದು ವಾಹನ ಬಹಳ ನಿಧಾನವಾಗಿ ಹತ್ತಿರ ಬಂದಾಗ, 'ನೀವು ಮೊದಲೋ ನಾನು ಮೊದಲೋ' ಎಂಬ ಗೊಂದಲ ಹುಟ್ಟಿದಾಗ. ಮಂಗಳೂರಿನ ಹಂಪನಕಟ್ಟೆಯ ದಟ್ಟಣೆಯಲ್ಲಿ ನಡೆಯುವುದು ಬಹುಪಾಲು ಇದೇ ಆದ್ದರಿಂದ ಕ್ಲಚ್‌ಬ್ರೇಕ್ ಅವರಿಗೆ ಅದು ಅಷ್ಟು ಮುಖ್ಯವೆನಿಸಿರುವುದು ಸಹಜ.

ಹಾಗಾಗಿ ಯಂತ್ರವು ಇತರರ ಉದ್ದೇಶವನ್ನು ಓದುವುದರ ಜೊತೆಗೆ ತನ್ನ ಉದ್ದೇಶವನ್ನು ಓದಿಸಿಕೊಳ್ಳಬೇಕು. ಕೊನೆಯ ಕ್ಷಣದಲ್ಲಿ ಚಕ್ಕನೆ ನಿಲ್ಲುವ ಕಾರು ಲೆಕ್ಕದ ಪ್ರಕಾರ ಸುರಕ್ಷಿತವಾಗಿದ್ದರೂ ಎದುರಿನವರಿಗೆ ಅದು ನಿಲ್ಲುತ್ತದೆ ಎಂಬ ಭರವಸೆ ಹುಟ್ಟುವುದಿಲ್ಲ. ಬೇಗನೆ, ಕಣ್ಣಿಗೆ ಕಾಣುವಷ್ಟು ವೇಗ ತಗ್ಗಿಸುವುದೇ ಯಾವ ದೀಪ ಫಲಕಗಳಿಗಿಂತಲೂ ಸ್ಪಷ್ಟವಾದ ಮಾತು. ಮರ್ಸಿಡಿಸ್ ಕಂಪನಿಗೆ 2023ರ ಕೊನೆಯಲ್ಲಿ ಅಮೆರಿಕದ ಎರಡು ರಾಜ್ಯಗಳಲ್ಲಿ, ಕಾರು ತಾನಾಗಿ ಓಡುತ್ತಿದೆ ಎಂದು ಸೂಚಿಸುವ ಹಸಿರುನೀಲಿ ದೀಪಗಳನ್ನು ಅಳವಡಿಸಲು ಅನುಮತಿ ಸಿಕ್ಕಿತು. ಅದು ಯಾರು ಓಡಿಸುತ್ತಿದ್ದಾರೆ ಎಂಬುದನ್ನು ಹೇಳುತ್ತದೆಯೇ ಹೊರತು ದಾಟಬಹುದೇ ಎಂಬುದನ್ನಲ್ಲ. 'ದಾಟಿ' ಎಂದು ಬರೆದು ತೋರಿಸುವ ಫಲಕಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಆ ಕಾರು ನಿಂತಿದೆಯೆಂದು ಅದರ ಪಕ್ಕದಿಂದ ನುಗ್ಗುವ ಬೈಕು ನಿಲ್ಲುವುದಿಲ್ಲವಲ್ಲ.

ಎಚ್ಚರಿಕೆ ಅತಿಯಾದರೂ ಕಷ್ಟವಿದೆ. ಜನದಟ್ಟಣೆಯಲ್ಲಿ ಪ್ರತಿಯೊಬ್ಬರೂ ತನ್ನ ದಾರಿಗೆ ಅಡ್ಡ ಬರಬಹುದು ಎಂದು ಲೆಕ್ಕಹಾಕುವ ಯಂತ್ರಕ್ಕೆ ಸುರಕ್ಷಿತವಾದ ದಾರಿ ಒಂದೂ ಉಳಿಯದೆ, ಅದು ಇದ್ದಲ್ಲೇ ನಿಂತುಬಿಡುತ್ತದೆ. ರೋಬೋಟುಗಳ ಬಗ್ಗೆ ಕೆಲಸ ಮಾಡುತ್ತಿದ್ದ ಟ್ರಾಟ್‌ಮನ್ ಮತ್ತು ಕ್ರೌಸ್ ಎಂಬ ಸಂಶೋಧಕರು 2010ರಲ್ಲೇ ಈ ಮರಗಟ್ಟುವಿಕೆಯನ್ನು ವಿವರಿಸಿದ್ದರು. ತಾನು ಒಂದು ಹೆಜ್ಜೆ ಮುಂದಿಟ್ಟರೆ ಎದುರಿನವರೂ ಸ್ವಲ್ಪ ಸರಿಯುತ್ತಾರೆ ಎಂಬ ಪರಸ್ಪರತೆಯನ್ನು ಲೆಕ್ಕಕ್ಕೆ ಸೇರಿಸದೆ ಇದಕ್ಕೆ ಪರಿಹಾರವಿಲ್ಲ ಎಂಬುದು ಅವರ ವಾದ. ಆದರೆ ಆ ನಂಬಿಕೆಯೂ ಕೈಕೊಡಬಹುದು. ಗೂಗಲ್‌ನ ಪರೀಕ್ಷಾ ಕಾರೊಂದು 2016ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ನಗರದಲ್ಲಿ ರಸ್ತೆಯಂಚಿನ ಮರಳಿನ ಚೀಲಗಳನ್ನು ತಪ್ಪಿಸಲು ನಿಧಾನವಾಗಿ ಪಕ್ಕಕ್ಕೆ ಬರುವಾಗ, ಹಿಂದಿನಿಂದ ಬರುತ್ತಿದ್ದ ಬಸ್ಸು ದಾರಿ ಬಿಡುತ್ತದೆ ಎಂದು ಊಹಿಸಿ ಅದರ ಬದಿಗೆ ತಾಗಿತು. ಕಾರಿನೊಳಗಿದ್ದ ಪರೀಕ್ಷಾ ಚಾಲಕರೂ ಬಸ್ಸು ನಿಧಾನಿಸುತ್ತದೆ ಎಂದೇ ಭಾವಿಸಿದ್ದರು. ಯಾರಿಗೂ ಗಾಯವಾಗಲಿಲ್ಲ. ಬಸ್ಸಿನಂತಹ ದೊಡ್ಡ ವಾಹನಗಳು ದಾರಿ ಬಿಡುವ ಸಂಭವ ಕಡಿಮೆ ಎಂಬ ಪಾಠವನ್ನು ಕಂಪನಿಯವರು ಆಮೇಲೆ ತಂತ್ರಾಂಶಕ್ಕೆ ಸೇರಿಸಿದರು. ನಮ್ಮೂರಿನ ದ್ವಿಚಕ್ರ ಸವಾರರು ಈ ಪಾಠಕ್ಕಾಗಿ ಕ್ಯಾಲಿಫೋರ್ನಿಯಾದವರೆಗೆ ಹೋಗಬೇಕಾಗಿರಲಿಲ್ಲ.

ಕಾರು ಖಂಡಿತವಾಗಿ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಾದರೆ ಯಾರೂ ಕಾಯುವುದಿಲ್ಲ ಎಂಬುದು ಇದರ ಇನ್ನೊಂದು ಮಗ್ಗುಲು. ಆಡಂ ಮಿಲ್ಲರ್ಡ್-ಬಾಲ್ ಎಂಬ ನಗರ ಯೋಜನಾ ತಜ್ಞರು ಆಟ ಸಿದ್ಧಾಂತವನ್ನು (ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಅವಲಂಬಿಸಿದಾಗ ಯಾರು ಏನು ಮಾಡುತ್ತಾರೆ ಎಂಬುದರ ಗಣಿತ) ಬಳಸಿ ಇದನ್ನು ವಿಶ್ಲೇಷಿಸಿದ್ದಾರೆ. ಇಂದು ಪಾದಚಾರಿ ಹಿಂಜರಿಯುವುದು ಎದುರಿನ ಚಾಲಕ ಬೇಜವಾಬ್ದಾರಿಯವನಿರಬಹುದು ಎಂಬ ಭಯದಿಂದ. ಆ ಭಯ ಹೋದ ಮೇಲೆ ಆತನ ಉದ್ದೇಶವೇ ಬದಲಾಗುತ್ತದೆ. ಹಳೆಯ ದತ್ತಾಂಶದಿಂದ ಕಲಿತ ಊಹೆ ಆಗ ಎಷ್ಟರ ಮಟ್ಟಿಗೆ ನಿಂತೀತು ಎಂಬುದೇ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಆಸಕ್ತಿಕರವಾದ ಪ್ರಶ್ನೆ.

ಬಿಜೈ_ಓದುಗ

ಇಷ್ಟು ಒಳ್ಳೆಯ ಉತ್ತರಗಳ ನಡುವೆ ಒಂದು ಆಕ್ಷೇಪವನ್ನು ದಾಖಲಿಸಲು ಬಯಸುತ್ತೇನೆ. ಉದ್ದೇಶವನ್ನು ಓದುವ ಕೆಲಸದಲ್ಲಿ ಅರ್ಧ ಭಾಗವನ್ನು ರಸ್ತೆಯೇ ಮಾಡಿಕೊಡಬೇಕು. ಫುಟ್‌ಪಾತ್ ಇದ್ದು, ದಾಟಲು ಗುರುತಾದ ಜಾಗವಿದ್ದರೆ, ಆ ಜಾಗದಲ್ಲಿ ಬಂದು ನಿಂತದ್ದೇ ಒಂದು ಹೇಳಿಕೆಯಾಗುತ್ತದೆ. ಫುಟ್‌ಪಾತ್ ಇಲ್ಲದ ಅಥವಾ ಅದರ ಮೇಲೆ ಬೈಕುಗಳನ್ನು ನಿಲ್ಲಿಸಿರುವ ರಸ್ತೆಯಲ್ಲಿ ಎಲ್ಲರೂ ಡಾಂಬರಿನ ಮೇಲೆಯೇ ನಡೆಯುವುದರಿಂದ, ರಸ್ತೆಗಿಳಿದದ್ದು ಯಾವ ಸುಳಿವನ್ನೂ ಕೊಡುವುದಿಲ್ಲ. 2017ರ ಚಾಲನಾ ನಿಯಮಾವಳಿಯು ಪಾದಚಾರಿ ದಾಟುಪಟ್ಟೆಯಲ್ಲಿ ನಡೆಯುವವರಿಗೆ ದಾರಿ ಬಿಡಬೇಕೆಂದು ಹೇಳುತ್ತದೆ. ಪಟ್ಟೆಯ ಬಣ್ಣ ಒಂದೇ ಮಳೆಗಾಲಕ್ಕೆ ತೊಳೆದುಹೋದ ಮೇಲೆ ಆ ನಿಯಮವನ್ನು ಮನುಷ್ಯ ಚಾಲಕ ಎಲ್ಲಿ ಪಾಲಿಸಬೇಕು, ಯಂತ್ರ ಎಲ್ಲಿ ಪಾಲಿಸಬೇಕು?

ಇನ್ನೊಂದು ಉದಾಹರಣೆ ರಾಷ್ಟ್ರೀಯ ಹೆದ್ದಾರಿ 66. ತಿರುಗಿ ಬರುವ ಜಾಗ ದೂರವಿರುವ ಕಡೆಗಳಲ್ಲಿ ಸ್ಕೂಟರುಗಳು ಸರ್ವಿಸ್ ರಸ್ತೆಯಲ್ಲಿ, ಕೆಲವೊಮ್ಮೆ ಹೆದ್ದಾರಿಯ ಅಂಚಿನಲ್ಲೇ, ಎದುರು ದಿಕ್ಕಿನಿಂದ ಬರುತ್ತವೆ. ನಕ್ಷೆಯಲ್ಲಿ ಗುರುತಿಸಿದ ದಿಕ್ಕನ್ನು ನಂಬಿ ಊಹಿಸುವ ವ್ಯವಸ್ಥೆಗೆ ಇದು ಅಪರೂಪದ ಅಪವಾದದಂತೆ ಕಾಣಬಹುದು, ಇಲ್ಲಿ ಇದು ನಿತ್ಯದ ಸಂಗತಿ. ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಐಐಐಟಿಯವರು ಭಾರತದ ರಸ್ತೆಗಳಿಂದ 10,000 ಚಿತ್ರಗಳನ್ನು ಆಯ್ದು 34 ವರ್ಗಗಳಲ್ಲಿ ಗುರುತು ಹಾಕಿದ ದತ್ತಾಂಶವನ್ನು ಪ್ರಕಟಿಸಿದ್ದಾರೆ, ಅದರಲ್ಲಿ ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಜಾಗವಿದೆ. ಅದು ಶ್ಲಾಘನೀಯ ಕೆಲಸ. ಆದರೆ ಚಿತ್ರದಲ್ಲಿ ಆಟೋವನ್ನು ಗುರುತಿಸುವುದಕ್ಕೂ ಆ ಆಟೋ ಈಗ ತಿರುಗುತ್ತದೆ ಎಂದು ತಿಳಿಯುವುದಕ್ಕೂ ನಡುವಿನ ಅಂತರವನ್ನು ಕ್ಲಚ್‌ಬ್ರೇಕ್ ಅಣ್ಣನೇ ಮೇಲೆ ತೋರಿಸಿಕೊಟ್ಟಿದ್ದಾರೆ.

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಚಾಲಕರ ಉದ್ಯೋಗದ ಕಾರಣ ಕೊಟ್ಟು ಇಂತಹ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಎಂದು ಹೇಳಿರುವುದರಿಂದ, ಸದ್ಯಕ್ಕೆ ನಮಗೆ ಸಂಬಂಧಿಸಿದ್ದು ಈಗಾಗಲೇ ಮಾರಾಟದಲ್ಲಿರುವ ಚಾಲಕ ಸಹಾಯಕ ವ್ಯವಸ್ಥೆಗಳು ಮಾತ್ರ. ಅವುಗಳ ತುರ್ತು ಬ್ರೇಕ್ ಮಂಗಳೂರಿನ ನಂತೂರಿನ ದಟ್ಟಣೆಯಲ್ಲಿ ಅನಗತ್ಯವಾಗಿ ಬೀಪ್ ಎನ್ನುತ್ತಿರುತ್ತದೆಂದು ಎಷ್ಟೋ ಮಂದಿ ಅದನ್ನು ಆಫ್ ಮಾಡಿಯೇ ಇಡುತ್ತಾರೆ.

ಮಠದಬೀದಿ

ಎಲ್ಲರಿಗೂ ಕೃತಜ್ಞತೆಗಳು. ಬಿಜೈ ಓದುಗರ ಆಕ್ಷೇಪವನ್ನು ಒಪ್ಪಿಕೊಂಡೇ ಎರಡು ಸಣ್ಣ ಪ್ರಶ್ನೆಗಳನ್ನು ಸುರತ್ಕಲ್‌ತೀರದವರಿಗೆ ಮತ್ತೆ ಕೇಳುತ್ತೇನೆ. ಕೊಡೆಯ ಕೆಳಗಿನ ಮಗುವಿನ ವಿಷಯದಲ್ಲಿ ಹಾಗೂ ಬಸ್ಸಿನ ಮರೆಯಲ್ಲಿರುವವರ ವಿಷಯದಲ್ಲಿ, ಅಂದರೆ ಸುಳಿವೇ ಕಾಣದಿರುವಾಗ, ಊಹೆ ಯಾವುದರ ಮೇಲೆ ನಿಲ್ಲುತ್ತದೆ? ಕಂಡಕ್ಟರನ ಕೈಯ ಬಗ್ಗೆ ಬರೆಯುವುದಾಗಿ ಹೇಳಿದ್ದೂ ಬಾಕಿಯಿದೆ.

ಸುರತ್ಕಲ್‌ತೀರ

ಕೊಡೆಯ ವಿಷಯ ಮೊದಲು. ಮುಖ ಕಾಣದಿದ್ದರೂ ಕಾಲುಗಳು ಕಾಣುತ್ತವೆ, ಮತ್ತು ನಡಿಗೆಯ ಲಯದಿಂದಲೇ ಬಹಳಷ್ಟು ತಿಳಿಯುತ್ತದೆ. ತಲೆ ಕಾಣುತ್ತಿಲ್ಲ ಎಂಬುದನ್ನೂ ಒಂದು ಮಾಹಿತಿಯಾಗಿ ಬಳಸಬೇಕು: ಈ ಮಗು ಕಾರನ್ನು ನೋಡಿಲ್ಲ ಎಂದೇ ಭಾವಿಸಿ ವೇಗ ನಿರ್ಧರಿಸಬೇಕು. ಜೋರು ಮಳೆಯಲ್ಲಿ ಲೈಡಾರ್‌ನ ಬೆಳಕು ಹನಿಗಳಿಂದಲೇ ಪ್ರತಿಫಲಿಸಿ ಬರುವುದರಿಂದ, ಕ್ಯಾಮೆರಾದ ಗಾಜಿನ ಮೇಲೆ ನೀರು ನಿಲ್ಲುವುದರಿಂದ ಸುಳಿವುಗಳ ಗುಣಮಟ್ಟವೂ ಇಳಿಯುತ್ತದೆ. ರಾಡಾರ್ ಮಳೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದು ಯಾರೋ ಬರುತ್ತಿದ್ದಾರೆಂದು ಹೇಳಬಲ್ಲದೇ ವಿನಾ ಭಂಗಿಯನ್ನು ತೋರಿಸಲಾರದು.

ಮರೆಯಲ್ಲಿರುವವರಿಗಾಗಿ ಯಂತ್ರವು ಕಾಣದ ಪಾದಚಾರಿಯೊಬ್ಬನನ್ನು ಕಲ್ಪಿಸಿಕೊಳ್ಳುತ್ತದೆ. ನಿಂತ ಬಸ್ಸಿನ ಮುಂಭಾಗದ ಮೂಲೆಯಿಂದ ಯಾರಾದರೂ ಈಗ ಹೊರಬಂದರೆ ನಿಲ್ಲಲು ಸಾಧ್ಯವೇ ಎಂಬ ಲೆಕ್ಕ ಹಾಕಿ, ಉತ್ತರ 'ಹೌದು' ಆಗುವಷ್ಟು ವೇಗಕ್ಕೆ ಇಳಿಯುತ್ತದೆ. ಕಾರುಗಳಿಗೆ ಇಂತಹ ತಂತ್ರಜ್ಞಾನ ಒದಗಿಸುವ ಮೊಬಿಲ್‌ಐ ಕಂಪನಿಯವರು 2017ರಲ್ಲಿ ಗಣಿತದ ರೂಪದಲ್ಲಿ ಮಂಡಿಸಿದ ಸುರಕ್ಷತಾ ನಿಯಮಗಳಲ್ಲಿ, ನೋಟ ಮರೆಯಾದ ಜಾಗದಲ್ಲಿ ಎಚ್ಚರ ವಹಿಸಬೇಕೆಂಬುದೂ ಒಂದು. ಇಲ್ಲಿ ಯಾರ ಉದ್ದೇಶವನ್ನೂ ಓದುವ ಪ್ರಶ್ನೆಯೇ ಬರುವುದಿಲ್ಲ.

ಕಂಡಕ್ಟರನ ಕೈ ನಿಜಕ್ಕೂ ಕಠಿಣ. ಫುಟ್‌ಬೋರ್ಡಿನಲ್ಲಿ ನೇತಾಡುವ ಮನುಷ್ಯನನ್ನು ಪತ್ತೆಹಚ್ಚುವ ತಂತ್ರಾಂಶ ಮೊದಲಿಗೆ ಪಾದಚಾರಿ ಎಂದೇ ಗುರುತಿಸುವ ಸಂಭವ ಹೆಚ್ಚು, ಆಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಪಾದಚಾರಿಯೊಬ್ಬ ಕಾರಿನ ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತಾನೆ. ಇದನ್ನು ತಪ್ಪಿಸಲು ವಾಹನಕ್ಕೆ ಅಂಟಿಕೊಂಡು ಚಲಿಸುವವರನ್ನು ಆ ವಾಹನದ ಭಾಗವೆಂದು ಪರಿಗಣಿಸಬೇಕಾಗುತ್ತದೆ. ಹಾಗೆ ಸೇರಿಸಿಬಿಟ್ಟರೆ ಅವನ ಕೈಗೆ ಪ್ರತ್ಯೇಕ ಅರ್ಥವಿಲ್ಲದಂತಾಗುತ್ತದೆ. ಆದ್ದರಿಂದ ಅವನು ಬಸ್ಸಿನ ಭಾಗವೂ ಹೌದು, ಬಸ್ಸಿನ ಪರವಾಗಿ ಸೂಚನೆ ಕೊಡುವವನೂ ಹೌದು ಎಂಬ ಮೂರನೆಯ ವರ್ಗವೇ ಬೇಕು. ಸಂಚಾರ ಪೊಲೀಸರ ಮತ್ತು ಸೈಕಲ್ ಸವಾರರ ಕೈಸನ್ನೆಗಳನ್ನು ಓದುವ ಕೆಲಸ ಅಮೆರಿಕದ ಕಾರುಗಳಲ್ಲಿ ಈಗಾಗಲೇ ನಡೆಯುತ್ತಿದೆ. ಆದರೆ ಅವರು ಕೊಡುವುದು ತಮ್ಮ ಹುದ್ದೆಯ ಅಥವಾ ತಮ್ಮದೇ ಚಲನೆಯ ಸೂಚನೆ. ನಮ್ಮ ಕಂಡಕ್ಟರ್ ಕೊಡುವುದು ಒಳಗೆ ಕುಳಿತ ಚಾಲಕನ ಮನಸ್ಸಿನ ಸೂಚನೆ. ಅಂಗೈಯನ್ನು ಕೆಳಮುಖವಾಗಿ ಆಡಿಸಿದರೆ ಹಿಂದಿನವರು ನಿಧಾನಿಸಬೇಕು, ಕೈಯನ್ನು ಮುಂದಕ್ಕೆ ಬೀಸಿದರೆ ದಾಟಿ ಹೋಗಬಹುದು, ಅದೇ ಕೈ ನಿಲ್ದಾಣದಲ್ಲಿ ಓಡಿಬರುವ ಪ್ರಯಾಣಿಕರನ್ನು ಕರೆಯುತ್ತಲೂ ಇರಬಹುದು. ಇಂತಹ ದೃಶ್ಯಗಳನ್ನು ಇಲ್ಲಿಯೇ ಚಿತ್ರೀಕರಿಸಿ, ಕ್ಲಚ್‌ಬ್ರೇಕ್ ಅವರಂತಹ ಅನುಭವಿಗಳಿಂದ ಅರ್ಥ ಬರೆಸಿಕೊಂಡರೆ ಯಂತ್ರಕ್ಕೆ ಕಲಿಸಬಹುದು.

ಬಸ್ ಹೊರಡಿಸಲು ಕಂಡಕ್ಟರ್ ಊದುವ ಸೀಟಿಯನ್ನೂ 'ರೈಟ್ ಪೋಯಿ' (ಹೊರಡೋಣ) ಎಂಬ ಕೂಗನ್ನೂ ಬಳಸಿಕೊಳ್ಳಬಹುದೇ ಎಂದು ಯಾರಾದರೂ ಕೇಳಬಹುದು. ಆಂಬುಲೆನ್ಸ್ ಸೈರನ್ ಎತ್ತ ಕಡೆಯಿಂದ ಬರುತ್ತಿದೆ ಎಂದು ತಿಳಿಯಲು ವೇಮೋ ಕಾರುಗಳ ಹೊರಮೈಯಲ್ಲಿ ಮೈಕ್ರೊಫೋನುಗಳಿವೆ, ಹಾಗಾಗಿ ತಾತ್ವಿಕವಾಗಿ ಸಾಧ್ಯ. ಆದರೆ ಮೂರು ಬಸ್ಸುಗಳು ಒತ್ತೊತ್ತಾಗಿ ನಿಂತಿರುವಾಗ ಸೀಟಿ ಯಾವ ಬಸ್ಸಿನದು ಎಂದು ಬೇರ್ಪಡಿಸುವುದು ಕಷ್ಟ. ನನಗೆ ಇದನ್ನು ವಿನ್ಯಾಸ ಮಾಡಲು ಹೇಳಿದರೆ ಸದ್ದನ್ನು ಅನುಮಾನ ಹೆಚ್ಚಿಸಲು ಮಾತ್ರ ಬಳಸುತ್ತೇನೆ: ಸೀಟಿ ಕೇಳಿದರೆ ಪಕ್ಕದ ಮೂರೂ ಬಸ್ಸುಗಳು ಹೊರಡುವ ಸಂಭವವನ್ನು ಏರಿಸಿ, ಯಾವುದರ ಮುಂದಿನ ಚಕ್ರ ಮೊದಲು ಹೊರಳುತ್ತದೆ ಎಂದು ಕ್ಯಾಮೆರಾದಲ್ಲಿ ಕಾಯುತ್ತೇನೆ.